ಅಂಗಳದ ಮುಚ್ಚಳ

ನನ್ನ ತಮ್ಮ ಕುಡಿಯುತ್ತಾನೆ. ನನ್ನ ತಮ್ಮನಿಗೆ ತಲೆ ಕೆಟ್ಟಿದೆ. ಈ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳಬಾರದು ಅಂತ ನನಗೆ ಆಸ್ಪತ್ರೆಯವರು ಕಲಿಸಿದರು. ಒಂದು ಬಾಗಿಲಲ್ಲಿ ಒಂದನ್ನು ಹೇಳಬೇಕು. ಇನ್ನೊಂದು ಬಾಗಿಲಲ್ಲಿ ಇನ್ನೊಂದನ್ನು ಹೇಳಬೇಕು. ಎರಡನ್ನೂ ಹೇಳಿದರೆ ಎರಡೂ ಬಾಗಿಲು ಮುಚ್ಚುತ್ತವೆ.

ನಾನು ಆ ಆಸ್ಪತ್ರೆಯ ಲಾಂಡ್ರಿಯವಳು. ನೆಲಮಾಳಿಗೆಯಲ್ಲಿ ನಮ್ಮ ಕೆಲಸ. ಮೇಲಿನಿಂದ ಗಾಡಿಯಲ್ಲಿ ಬರುವ ಚಾದರಗಳನ್ನು ಕೊಡವಿ, ಬೇರೆ ಬೇರೆ ಮಾಡಿ, ಕುದಿಯುವ ನೀರಿನ ತೊಟ್ಟಿಗೆ ಹಾಕಿ, ಹಿಂಡಿ, ಹರವಬೇಕು. ರಕ್ತ, ಕೀವು, ವಾಂತಿ, ಉಚ್ಚೆ, ಯಾವುದರ ವಾಸನೆಗೂ ನಾನು ಮೂಗು ಮುರಿಯುವವಳಲ್ಲ. ಬ್ಲೀಚಿಂಗ್ ಪುಡಿ ನನ್ನ ಉಗುರುಗಳನ್ನು ಅರ್ಧ ತಿಂದು ಹಾಕಿದೆ. ಸಂಜೆ ಹೊತ್ತಿಗೆ ಸೊಂಟ ನನ್ನದಲ್ಲ.

ಆಸ್ಪತ್ರೆಯ ಹಿಂದೆ ಒಂದು ಅಂಗಳ. ಅದರ ಎಡಕ್ಕೆ ಕುಡಿತ ಬಿಡಿಸುವ ವಾರ್ಡು, ಬಲಕ್ಕೆ ಮನಸ್ಸಿನ ಕಾಯಿಲೆಯ ವಾರ್ಡು. ಅಂಗಳದ ನಡುವೆ ಒಂದು ಕಬ್ಬಿಣದ ಮುಚ್ಚಳ, ಮ್ಯಾನ್‌ಹೋಲ್‌ನದು. ನಮ್ಮ ಲಾಂಡ್ರಿಗೆ ಇರುವುದು ಒಂದೇ ಕಿಟಕಿ. ಅದು ಅಂಗಳದ ನೆಲಕ್ಕೆ ಸಮನಾಗಿ, ನಮ್ಮ ತಲೆಗಿಂತ ಮೇಲಿದೆ. ಅದರಲ್ಲಿ ನಮಗೆ ಕಾಣುವುದು ಜನರ ಕಾಲು ಮಾತ್ರ. ಚಪ್ಪಲಿ ನೋಡಿ ಯಾವ ಡಾಕ್ಟರ್ ಅಂತ ಹೇಳಬಲ್ಲೆವು. ಮುಖ ನೋಡಿದರೆ ಗುರುತು ಸಿಗುವುದಿಲ್ಲ.

ಎಡಗಡೆ ವಾರ್ಡಿನ ಚಾದರಕ್ಕೆ ಹಸಿರು ಮುದ್ರೆ. ಬಲಗಡೆಯದಕ್ಕೆ ನೀಲಿ. ಎರಡನ್ನೂ ಒಂದೇ ತೊಟ್ಟಿಗೆ ಹಾಕಬಾರದು ಅಂತ ಮೇಲಿನವರ ಕಟ್ಟಪ್ಪಣೆ. ಯಾಕೆ ಅಂತ ನಾನು ಕೇಳಿದ್ದೆ. ಅವು ಬೇರೆ ಬೇರೆ ವಿಭಾಗ, ಲೆಕ್ಕ ತಪ್ಪುತ್ತೆ ಅಂದರು. ನಮ್ಮಲ್ಲಿ ಎಲ್ಲರಿಗಿಂತ ಹಳಬಳಾದ ಸೋಪಜ್ಜಿ ಅದಕ್ಕೆ ಪಕಪಕ ನಕ್ಕಿದ್ದಳು. ಇವರ ಉಚ್ಚೆ ಅವರ ಉಚ್ಚೆಗೆ ತಾಗಿದರೆ ಜಗಳ ಹತ್ತುತ್ತೆ ಕಣೇ, ಸುಮ್ನೆ ಬೇರೆ ಮಾಡು ಅಂದಿದ್ದಳು. ಸುಮ್ಮನೆ ಬೇರೆ ಮಾಡುತ್ತಿದ್ದೆ.

ತಮ್ಮನ ಕೆಲಸ ಗುಂಡಿ ಇಳಿಯುವುದು. ಊರಿನ ಕೊಳಕು ಎಲ್ಲಿ ಕಟ್ಟಿಕೊಳ್ಳುತ್ತದೋ ಅಲ್ಲಿ ಮುಚ್ಚಳ ತೆಗೆದು ಇಳಿಯುತ್ತಾನೆ. ಇಳಿಯುವ ಮೊದಲು ಮೇಸ್ತ್ರಿ ಒಂದು ಬಾಟಲಿ ಕೊಡುತ್ತಾನೆ. ಹಾರೆ, ಹಗ್ಗ, ಬಕೆಟ್ಟು, ಬಾಟಲಿ. ನಾಲ್ಕೂ ಕೆಲಸದ ಸಾಮಾನು. ಕುಡಿಯದೆ ಇಳಿದವನು ವಾಸನೆಗೆ ವಾಂತಿ ಮಾಡಿಕೊಂಡು ಮೇಲೆ ಬರುತ್ತಾನೆ, ಕುಡಿದವನು ಕೆಲಸ ಮುಗಿಸಿ ಬರುತ್ತಾನೆ. ಹಾಗಾಗಿ ನನ್ನ ತಮ್ಮ ಕುಡಿತ ಕಲಿತದ್ದು ಪಡ್ಡೆ ಹುಡುಗರ ಜೊತೆ ಪೋಲಿ ಬಿದ್ದು ಅಲ್ಲ. ಕೆಲಸ ಕಲಿತ ದಿನವೇ ಅದನ್ನೂ ಕಲಿತ. ಕಲಿಸಿದವನು ಮೇಸ್ತ್ರಿ.

ಅವನ ಜೋಡಿ ಕುಳ್ಳ. ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ, ಎಲ್ಲರಿಗೂ ಅವನು ಕುಳ್ಳ. ಕಿರಿದಾದ ಗುಂಡಿಗೆ ಅವನೇ ಇಳಿಯುತ್ತಿದ್ದ. ನನ್ನ ತಮ್ಮ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದ. ಒಳಗೆ ಮಾತು ಕೇಳುವುದಿಲ್ಲ, ಬಾಯಿ ತೆರೆದರೆ ಗ್ಯಾಸು ಒಳಗೆ ಹೋಗುತ್ತದೆ. ಅದಕ್ಕೆ ಅವರಿಬ್ಬರದೇ ಒಂದು ಭಾಷೆ ಇತ್ತು. ಮೇಲಿದ್ದವನು ಹಾರೆಯಿಂದ ಗುಂಡಿಯ ಅಂಚಿಗೆ ಎರಡು ಸಲ ಹೊಡೆಯಬೇಕು. ಇದ್ದೀಯಾ ಅಂತ. ಕೆಳಗಿದ್ದವನು ಬಕೆಟ್ಟಿನಿಂದ ಗೋಡೆಗೆ ಒಂದು ಸಲ ಹೊಡೆಯಬೇಕು. ಇದ್ದೀನಿ ಅಂತ. ಉತ್ತರ ಬರದಿದ್ದರೆ ಹಗ್ಗ ಎಳೆಯಬೇಕು.

ಆ ದಿನ ಹಗ್ಗ ಇರಲಿಲ್ಲ. ಮೇಸ್ತ್ರಿ ಅದನ್ನು ಇನ್ನೊಂದು ಬೀದಿಯ ಕೆಲಸಕ್ಕೆ ಒಯ್ದಿದ್ದ. ಹತ್ತು ನಿಮಿಷದ ಕೆಲಸ, ಇಳೀರಿ ಅಂದಿದ್ದ. ಕುಳ್ಳ ಇಳಿದ. ತಮ್ಮ ಎರಡು ಹೊಡೆದ, ಕೆಳಗಿನಿಂದ ಒಂದು ಬಂತು. ಸ್ವಲ್ಪ ಬಿಟ್ಟು ಮತ್ತೆ ಎರಡು ಹೊಡೆದ. ಏನೂ ಬರಲಿಲ್ಲ. ಇವನು ಕಾಲು ಇಳಿಬಿಟ್ಟಿದ್ದ, ಅಷ್ಟರಲ್ಲಿ ವಾಪಸ್ಸು ಬಂದ ಮೇಸ್ತ್ರಿ ಸೊಂಟ ಹಿಡಿದು ಎಳೆದ. ನೀನೂ ಸಾಯ್ತೀಯಾ ಅಂದ. ಆ ಮಾತು ನಿಜ. ಆ ಒಂದು ನಿಜಕ್ಕಾಗಿ ಮೇಸ್ತ್ರಿಯನ್ನು ಎಲ್ಲರೂ ಹೊಗಳಿದರು. ಹಗ್ಗದ ಮಾತು ಯಾರೂ ಎತ್ತಲಿಲ್ಲ.

ಆಮೇಲೆ ಸತ್ತ ಕುಳ್ಳ ಮಾತಾಡಲು ಶುರುಮಾಡಿದ. ಅಂದರೆ ಹೊಡೆಯಲು. ನನ್ನ ತಮ್ಮ ಬೀದಿಯಲ್ಲಿ ನಡೆಯುವಾಗ ಯಾವುದಾದರೂ ಮುಚ್ಚಳ ಕಂಡರೆ ನಿಂತುಬಿಡುತ್ತಿದ್ದ. ಕೂತು ಕಿವಿ ಹಚ್ಚುತ್ತಿದ್ದ. ಅಕ್ಕ, ಒಂದು ಹೊಡೆದ, ಅನ್ನುತ್ತಿದ್ದ. ಮನೆಯ ಬಚ್ಚಲಿನ ಜಾಲರಿಯಿಂದಲೂ ಅದೇ ಸದ್ದು. ಅನ್ನದ ತಟ್ಟೆಗೆ ಚಮಚ ತಾಗಿದರೂ ಬೆಚ್ಚುತ್ತಿದ್ದ. ಕುಡಿದರೆ ಸದ್ದು ದೂರ ಹೋಗುತ್ತಿತ್ತಂತೆ. ಮೊದಲು ವಾಸನೆ ತಡೆಯಲು ಕುಡಿಯುತ್ತಿದ್ದವನು ಈಗ ಸತ್ತವನನ್ನು ಸುಮ್ಮನಿರಿಸಲು ಕುಡಿಯತೊಡಗಿದ. ಕೆಲಸಕ್ಕೆ ಹೋಗುತ್ತಿದ್ದ, ಯಾಕೆಂದರೆ ಬಾಟಲಿ ಅಲ್ಲಿತ್ತು. ಗುಂಡಿ ಇಳಿದರೆ ಸದ್ದು ಜಾಸ್ತಿ, ಅದಕ್ಕೆ ಇನ್ನೂ ಒಂದು ಬಾಟಲಿ. ಹಗ್ಗ ಕಟ್ಟಿಕೊಳ್ಳುವುದನ್ನೇ ಬಿಟ್ಟ. ಯಾಕೋ ಅಂದರೆ, ಅವನಿಗಿರಲಿಲ್ಲವಲ್ಲ ಅಕ್ಕ, ಅಂದ.

ಆಗ ನನಗೆ ದಿಗಿಲು ಹತ್ತಿತು. ಇವನು ಯಾವತ್ತೋ ಒಂದು ದಿನ ಇಳಿದವನು ಮೇಲೆ ಬರುವುದಿಲ್ಲ ಅಂತ ನನಗೆ ಗೊತ್ತಾಗಿಹೋಯಿತು. ನಾನು ಕೆಲಸ ಮಾಡುವ ಜಾಗ ಆಸ್ಪತ್ರೆ. ಇವನಿಗೆ ಬೇಕಾದ ಎರಡೂ ವಾರ್ಡು ನನ್ನ ನೆತ್ತಿಯ ಮೇಲಿವೆ. ಇದಕ್ಕಿಂತ ಅನುಕೂಲ ಇನ್ನೇನು ಬೇಕು ಅಂದುಕೊಂಡೆ. ದಡ್ಡಿ.

ಮೊದಲ ಸಲ ನಿಜ ಹೇಳಿದೆವು. ಎಡಗಡೆ ವಾರ್ಡಿನ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡಳು. ಕೆಟ್ಟವಳಲ್ಲ. ಕುಳ್ಳನ ಸದ್ದಿನ ಮಾತು ಬಂದ ಕೂಡಲೇ ಪೆನ್ನು ಕೆಳಗಿಟ್ಟಳು. ನಮ್ಮಲ್ಲಿ ಎಲ್ಲರೂ ಸುತ್ತ ಕೂತು ಮಾತಾಡುವುದೇ ಚಿಕಿತ್ಸೆ, ಇಲ್ಲದ ಸದ್ದು ಕೇಳುವವರನ್ನು ಕೂರಿಸಿದರೆ ಉಳಿದವರು ಹೆದರುತ್ತಾರೆ, ಮೊದಲು ತಲೆ ಸರಿ ಮಾಡಿಸಿಕೊಂಡು ಬನ್ನಿ ಅಂದಳು. ಅಂಗಳ ದಾಟಿ ಬಲಗಡೆಗೆ ಹೋದೆವು. ಅಲ್ಲಿ ಕನ್ನಡಕದ ಡಾಕ್ಟರ್. ಅವನೂ ಎಲ್ಲ ಕೇಳಿದ. ತಮ್ಮನ ಬಾಯಿಯ ವಾಸನೆ ಬಡಿದ ಕೂಡಲೇ ಕುರ್ಚಿ ಹಿಂದಕ್ಕೆ ಸರಿಸಿದ.

"ಒಂದು ತಿಂಗಳು ಕುಡೀದೆ ಇದ್ದು ಬರ್ಲಿ. ಆಗ ತಾನೇ ಗೊತ್ತಾಗೋದು, ಇದು ಕುಡಿತದ ಸದ್ದೋ ತಲೇದೋ ಅಂತ."

"ಸಾರ್, ಸದ್ದು ಬರುತ್ತೆ ಅಂತಾನೇ ಇವ್ನು ಕುಡಿಯೋದು," ಅಂದೆ.

"ಅದನ್ನ ನೀನು ಹೇಳಿದ್ರೆ ಆಗಲ್ಲಮ್ಮ."

ಮತ್ತೆ ಯಾರು ಹೇಳಬೇಕಿತ್ತೋ. ಕುಳ್ಳ ಬಂದು ಹೇಳಬೇಕಿತ್ತೇನೋ.

ಸೋಪಜ್ಜಿಗೆ ಹೇಳಿಕೊಂಡೆ. ಅವಳು ತೊಟ್ಟಿಯಲ್ಲಿ ಕೋಲಾಡಿಸುತ್ತಲೇ ಉಪಾಯ ಹೇಳಿಕೊಟ್ಟಳು. ಹಸಿರು ಬಾಗಿಲಲ್ಲಿ ಸದ್ದಿನ ಮಾತು ಎತ್ತಬೇಡ, ನೀಲಿ ಬಾಗಿಲಲ್ಲಿ ಎಣ್ಣೆ ಮಾತು ಎತ್ತಬೇಡ. ಚಾದರದ ಹಾಗೆ ಅವನನ್ನೂ ಬೇರೆ ಬೇರೆ ಮಾಡು ಅಂದಳು. ಬೇರೆ ಮಾಡುವುದರಲ್ಲಿ ನನಗಿಂತ ಪಳಗಿದವರು ಯಾರಿದ್ದಾರೆ. ತಮ್ಮನಿಗೆ ಸುಳ್ಳು ಬಾಯಿಪಾಠ ಮಾಡಿಸಿದೆ. ಇದರಲ್ಲಿ ನನಗೆ ಎಳ್ಳಷ್ಟೂ ನಾಚಿಕೆ ಇಲ್ಲ. ನಿಜಕ್ಕೆ ಹಾಸಿಗೆ ಕೊಡದವರು ನಮ್ಮ ಕೈಯಲ್ಲಿ ಸುಳ್ಳು ಹೇಳಿಸಿದರು.

ಎಡಗಡೆ ವಾರ್ಡಿನವರು ಸೇರಿಸಿಕೊಂಡರು. ಆ ವಾರ ಹಸಿರು ಮುದ್ರೆಯ ಚಾದರಗಳನ್ನು ನಾನು ಮಕ್ಕಳ ಬಟ್ಟೆ ಒಗೆದ ಹಾಗೆ ಒಗೆದೆ. ಮಾತ್ರೆಯಿಂದ ಅವನ ಕೈ ನಡುಕ ನಿಂತಿತು. ಊಟ ಸೇರಿತು. ಆದರೆ ಎಣ್ಣೆ ಹೋದ ಮೇಲೆ ಕುಳ್ಳನನ್ನು ತಡೆಯುವವರು ಯಾರೂ ಇರಲಿಲ್ಲ. ಒಂದು ಬೆಳಗ್ಗೆ ವಾರ್ಡಿನ ಬಚ್ಚಲಲ್ಲಿ ನೀರು ಬಿಟ್ಟ ಕೂಡಲೇ ಜಾಲರಿಯಿಂದ ಸದ್ದು ಬಂತಂತೆ. ಇವನು ಜಾಲರಿ ಕಿತ್ತ. ಕೈಯನ್ನು ಭುಜದವರೆಗೆ ಒಳಗೆ ತೂರಿಸಿದ. ಹಿಡ್ಕೋ, ನನ್ನ ಕೈ ಹಿಡ್ಕೋ ಅಂತ ಕೂಗುತ್ತ ಬಿದ್ದಿದ್ದ. ಕೈ ಹೊರಗೆ ಎಳೆಯುವಾಗ ಚರ್ಮ ಸುಲಿದು ಹೋಯಿತು. ನನ್ನನ್ನು ಮೇಲೆ ಕರೆಸಿ, ಇಷ್ಟು ದೊಡ್ಡ ವಿಷಯ ಮುಚ್ಚಿಟ್ಟು ಮೋಸ ಮಾಡಿದ್ದೀರಿ, ಈಗಲೇ ಕರ್ಕೊಂಡು ಹೋಗಿ ಅಂದರು. ಸುಲಿದ ತೋಳಿಗೆ ಬಟ್ಟೆ ಕಟ್ಟಿದ್ದು ನಾನು. ಹಸಿರು ಮುದ್ರೆಯ ಬಟ್ಟೆ.

ಸರಿ, ಸದ್ದು ಸ್ಪಷ್ಟವಾಗಿ ತಲೆಯದೇ ಅಂತಾಯಿತಲ್ಲ ಅಂತ ಬಲಗಡೆಗೆ ಹೋದೆವು. ಒಂದು ತಿಂಗಳಾಗಿದೆಯಾ ಅಂತ ಕೇಳಿದರು. ಆಗಿದೆ ಅಂದೆ. ನಡುವೆ ಮನೆಯಲ್ಲಿದ್ದ ದಿನಗಳಲ್ಲಿ ಅವನು ಮತ್ತೆ ಕುಡಿದಿದ್ದ, ಹಿಂದಿಗಿಂತ ಹೆಚ್ಚು. ಅದನ್ನು ನುಂಗಿಕೊಂಡೆ. ಹಲ್ಲುಜ್ಜಿಸಿ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಲಾಂಡ್ರಿಯ ಸೋಪಿನಲ್ಲಿ ಮೈ ತಿಕ್ಕಿ ಕರೆದೊಯ್ದಿದ್ದೆ. ಕನ್ನಡಕದ ಡಾಕ್ಟರ್ ಸೇರಿಸಿಕೊಂಡ. ಸದ್ದಿಗೆ ಔಷಧ ಶುರುವಾಯಿತು. ಆದರೆ ಕುಡಿತವನ್ನು ಥಟ್ಟನೆ ನಿಲ್ಲಿಸಿದವನಿಗೆ ಬೇಕಾದ ಮಾತ್ರೆ ಯಾರೂ ಕೊಡಲಿಲ್ಲ. ಕುಡಿತ ಇದೆ ಅಂತ ಗೊತ್ತಿದ್ದರೆ ತಾನೆ. ಎರಡನೇ ದಿನ ನಡುಕ. ಮೂರನೇ ದಿನ ಫಿಟ್ಸು. ನಾಲಿಗೆ ಕಚ್ಚಿಕೊಂಡು ರಕ್ತ ಕಾರಿದ.

ಮಂಚದ ಸಮೇತ ಹೊರಗೆ ತಂದರು. ಇದು ಕುಡಿತದ ಕೇಸು, ಆ ಕಡೆಗೆ ಒಯ್ಯಿರಿ ಅಂದರು. ಆ ಕಡೆಯವರು ಬಾಗಿಲಲ್ಲೇ ನಿಂತು, ಇವನು ತಲೆ ಕೆಟ್ಟವನು, ನಮಗೆ ಗೊತ್ತಿರುವ ಆಸಾಮಿ, ಈ ಕಡೆ ಬೇಡ ಅಂದರು. ವಾರ್ಡುಬಾಯ್‌ಗಳು ಮಂಚವನ್ನು ಅಂಗಳದ ನಡುವೆ ಬಿಟ್ಟು ಬೀಡಿ ಸೇದಲು ಹೋದರು. ನಡು ಬಿಸಿಲು. ನಾನು ಕೆಳಗೆ ಚಾದರ ಹಿಂಡುತ್ತಿದ್ದೆ. ಕಿಟಕಿಯಲ್ಲಿ ಮಂಚದ ಚಕ್ರ ಕಂಡಿತು. ಚಕ್ರದ ಪಕ್ಕ ಜೋತುಬಿದ್ದ ಒಂದು ಕೈ. ಸುಲಿದ ಗುರುತಿತ್ತು.

ನಾನು ಓಡಿದೆ. ಎರಡೂ ಬಾಗಿಲಲ್ಲಿ ಕಾಲಿಗೆ ಬಿದ್ದೆ. ಗೋಗರೆದೆ. ಒಬ್ಬರಾದರೂ ನೋಡಿ, ಅವರು ಬಂದು ಇಲ್ಲೇ ನೋಡಲಿ, ಇವರು ಹೋಗಿ ಅಲ್ಲೇ ನೋಡಲಿ ಅಂದೆ. ಅದಕ್ಕೆ ಕ್ರಮ ಇಲ್ಲ ಅಂದರು. ನನ್ನ ತಮ್ಮನಿಗೆ ಫಿಟ್ಸು ಬರುವುದಕ್ಕೆ ಕ್ರಮ ಬೇಕಿರಲಿಲ್ಲ, ಒಬ್ಬ ಡಾಕ್ಟರ್ ಅಂಗಳ ದಾಟುವುದಕ್ಕೆ ಬೇಕಿತ್ತು. ಕೊನೆಗೆ ನಮ್ಮ ಲಾಂಡ್ರಿಯ ಹೆಂಗಸರೇ ಅವನನ್ನು ಬಟ್ಟೆ ಗಾಡಿಯಲ್ಲಿ ಹಾಕಿಕೊಂಡು ಎದುರು ಬೀದಿಯ ಸಣ್ಣ ದವಾಖಾನೆಗೆ ತಳ್ಳಿಕೊಂಡು ಹೋದರು. ಕೊಳೆ ಚಾದರದ ಮೇಲೆ ಮಲಗಿದ್ದ. ಯಾವ ಮುದ್ರೆಯದು ಅಂತ ಆವತ್ತು ನಾನು ನೋಡಲಿಲ್ಲ. ಅಲ್ಲಿನ ನರ್ಸು ಒಂದು ಸೂಜಿ ಚುಚ್ಚಿ ಫಿಟ್ಸು ನಿಲ್ಲಿಸಿದಳು. ಇಲ್ಲಿ ಹಾಸಿಗೆ ಇಲ್ಲ, ದೊಡ್ಡಾಸ್ಪತ್ರೆಗೆ ತೋರಿಸಿ ಅಂದಳು. ನನಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು.

ಮನೆಗೆ ಬಂದವನು ಮತ್ತೆ ಬಾಟಲಿ ಹಿಡಿದ. ನಾನು ಬಯ್ಯಲಿಲ್ಲ. ಬಿಡಿಸಿದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಿದ್ದೆ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವನು ಕೆಲಸಕ್ಕೆ ಹೊರಟ ಮೇಲೆ ಅವನು ಬರುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ. ತೊಟ್ಟಿಗೆ ಕೋಲು ತಾಗಿದ ಸದ್ದಿಗೆ ನಾನೂ ಬೆಚ್ಚತೊಡಗಿದೆ.

ಆಮೇಲೆ ಆ ದಿನ ಬಂತು.

ಬೆಳಗ್ಗೆ ನಮ್ಮ ಲಾಂಡ್ರಿಯ ಮೋರಿಯಿಂದ ಕಪ್ಪು ನೀರು ಮೇಲೆ ಉಕ್ಕಿತು. ನೋಡನೋಡುತ್ತ ಕಣಕಾಲು ಮುಳುಗಿತು. ಮೇಲೆ ಎರಡೂ ವಾರ್ಡಿನ ಬಚ್ಚಲಲ್ಲೂ ಅದೇ ಗತಿ ಅಂತ ಸುದ್ದಿ ಬಂತು. ಹಸಿರು ಕಡೆಯದೂ ನೀಲಿ ಕಡೆಯದೂ ಅಂಗಳದ ಮುಚ್ಚಳದ ಕೆಳಗೆ ಒಂದೇ ಕೊಳವೆಗೆ ಸೇರುತ್ತವೆ. ಅಲ್ಲಿ ಕಟ್ಟಿಕೊಂಡಿತ್ತು. ಮೇಲೆ ಎರಡು ವಿಭಾಗ ಮಾಡಿಕೊಂಡವರ ಹೇಲು ಕೆಳಗೆ ಒಂದಾಗಿ ಹರಿಯುತ್ತಿತ್ತು ಅಂತ ಸೋಪಜ್ಜಿ ಹೇಳಿದಳು. ನಾವು ಮಂಡಿಯವರೆಗೆ ಸೀರೆ ಎತ್ತಿ ಕಟ್ಟಿ ಒಗೆದ ಚಾದರಗಳನ್ನು ಮೇಲಿನ ಹಲಗೆಗೆ ಸಾಗಿಸುತ್ತಿದ್ದೆವು. ಆಗ ನಾನು ಕಿಟಕಿ ಕಡೆ ನೋಡಿದೆ.

ಮುಚ್ಚಳದ ಪಕ್ಕ ಎರಡು ಜೊತೆ ಕಾಲು. ಒಂದು ಮೇಸ್ತ್ರಿಯ ಬೂಟು. ಇನ್ನೊಂದು ಬರಿಗಾಲು. ಆ ಕಾಲನ್ನು ನಾನು ಚಿಕ್ಕಂದಿನಲ್ಲಿ ತೊಳೆದಿದ್ದೇನೆ. ಎಡಗಾಲಿನ ಕಿರುಬೆರಳು ಇನ್ನೊಂದರ ಮೇಲೆ ಹತ್ತಿಕೊಂಡಿದೆ. ಆ ಕಾಲಿನ ಪಕ್ಕ ನೆಲದ ಮೇಲೆ ಹಾರೆ, ಬಕೆಟ್ಟು. ಹಗ್ಗ ಇರಲಿಲ್ಲ. ಬಾಟಲಿ ಇತ್ತು.

ಬಾಗಿಲಿನಿಂದ ಒಳಗೆ ಸೇರಿಸದವರು ತೂತಿನಿಂದ ಒಳಗೆ ಇಳಿ ಅನ್ನುತ್ತಿದ್ದರು.

ನನ್ನ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಚಾದರಗಳನ್ನು ಆ ಕಪ್ಪು ನೀರಿಗೆ ಎಸೆದೆ. ಮೆಟ್ಟಿಲು ಹತ್ತಿ ಅಂಗಳಕ್ಕೆ ಬಂದೆ. ತಮ್ಮ ಹಾರೆಯ ತುದಿಯನ್ನು ಮುಚ್ಚಳದ ಸಂದಿಗೆ ಹಾಕುತ್ತಿದ್ದ. ಕೈ ನಡುಗಿ ತುದಿ ಜಾರುತ್ತಿತ್ತು. ಬಾಟಲಿಯ ಬಿರಡೆ ಇನ್ನೂ ತೆಗೆದಿರಲಿಲ್ಲ. ಮೇಸ್ತ್ರಿ ಈ ನಡುವೆ ಮೊದಲು ಕೆಲಸ, ಆಮೇಲೆ ಎಣ್ಣೆ ಅಂತ ಹೊಸ ಆಟ ಶುರುಮಾಡಿದ್ದನಂತೆ.

ನಾನು ಮುಚ್ಚಳದ ಮೇಲೆ ಕೂತೆ. ಕಬ್ಬಿಣ ಕಾದಿತ್ತು. ಒದ್ದೆ ಸೀರೆಯಲ್ಲಿ ಚಕ್ಕಂಬಕ್ಕಲ ಹಾಕಿ ಕೂತೆ.

"ಏಳು ತಾಯಿ, ಹೊತ್ತಾಗುತ್ತೆ," ಅಂದ ಮೇಸ್ತ್ರಿ.

"ಏಳಲ್ಲ."

"ಒಳಗೆ ರೋಗಿಗಳಿದಾರೆ. ಬಚ್ಚಲು ತುಂಬಿ ಹಾಸಿಗೆ ಹತ್ರ ಬಂದಿದೆ."

"ಇವ್ನೂ ರೋಗಿನೇ. ಇವ್ನಿಗೆ ಹಾಸಿಗೆ ಎಲ್ಲಿದೆ?"

ತಮ್ಮ ನನ್ನ ತೋಳು ಹಿಡಿದ. ಏಳು ಅಕ್ಕ, ನಾನು ಇಳೀತೀನಿ, ಕೆಳಗೆ ಕರೀತಿದಾನೆ ಅಂದ. ಅವನ ಬಾಯಿ ಒಣಗಿ ತುಟಿ ಅಂಟಿಕೊಂಡಿತ್ತು. ನಾನು ಅವನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. ನೀನು ಇಳಿಯೋದಾದ್ರೆ ಮೊದಲು ನನ್ನನ್ನ ಒಳಗೆ ಹಾಕು ಅಂದೆ. ಆ ಮಾತಿಗೆ ಅವನು ಮಗುವಿನ ಹಾಗೆ ನನ್ನ ಮುಖ ನೋಡಿದ.

ಜನ ಸೇರಿದರು. ಲಾಂಡ್ರಿಯ ಮೇಲ್ವಿಚಾರಕ ಬಂದು ಕೆಲಸದಿಂದ ಕಿತ್ತುಹಾಕ್ತೀನಿ ಅಂದ. ಕಿತ್ತುಹಾಕು ಅಂದೆ. ವಾಚ್‌ಮನ್ ಬಂದು ನನ್ನ ತೋಳಿಗೆ ಕೈ ಹಾಕಿದ. ಅಷ್ಟರಲ್ಲಿ ಸೋಪಜ್ಜಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ಮಂಡಿ ಹಿಡಿದುಕೊಂಡು ಬಂದಳು. ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಅವಳ ಹಿಂದೆ ಉಳಿದ ಹೆಂಗಸರೂ ಬಂದು ಸುತ್ತ ನಿಂತರು. ಎಲ್ಲರ ಸೀರೆಯಿಂದಲೂ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಆ ವಾಸನೆಗೆ ವಾಚ್‌ಮನ್ ತಾನಾಗಿ ಹಿಂದೆ ಸರಿದ. ಒಂದು ಸಲವಾದರೂ ಆ ವಾಸನೆ ನಮ್ಮ ಪರವಾಗಿ ಕೆಲಸ ಮಾಡಿತು.

ಕೊನೆಗೆ ದೊಡ್ಡ ಡಾಕ್ಟರ್ ಬಂದರು, ಇಡೀ ಆಸ್ಪತ್ರೆಗೆ ಯಜಮಾನರು. ಮೂಗಿಗೆ ಕರವಸ್ತ್ರ. ಎಡಗಡೆಯಿಂದ ಡಾಕ್ಟರಮ್ಮ, ಬಲಗಡೆಯಿಂದ ಕನ್ನಡಕದ ಡಾಕ್ಟರ್ ಇಳಿದು ಬಂದರು. ಇಷ್ಟು ದಿನ ಅಂಗಳ ದಾಟಲಾರದವರು ಇವತ್ತು ಅಂಗಳದ ನಡುವಿಗೆ ಬಂದು ನಿಂತಿದ್ದರು. ಏನಾಗಬೇಕು ನಿನಗೆ ಅಂತ ದೊಡ್ಡ ಡಾಕ್ಟರ್ ಕೇಳಿದರು.

ಹೇಳಿದೆ. ಎಲ್ಲ ಹೇಳಿದೆ. ಜೋರಾಗಿ ಹೇಳಿದೆ, ನಡುವೆ ಬಿಕ್ಕಿದೆ, ಬೈದೆ ಕೂಡ.

"ನನ್ನ ತಮ್ಮ ಕುಡೀತಾನೆ. ನನ್ನ ತಮ್ಮಂಗೆ ಇಲ್ಲದ ಸದ್ದು ಕೇಳುತ್ತೆ. ಎರಡೂ ನಿಜ. ಎರಡೂ ಒಬ್ನಿಗೇ. ಇವ್ನನ್ನ ಸೀಳಿ ಅರ್ಧ ಆ ಕಡೆ ಅರ್ಧ ಈ ಕಡೆ ಕಳಿಸೋಕೆ ನನ್ ಕೈಲಾಗಲ್ಲ. ಒಂದೇ ಹಾಸಿಗೆ ಕೊಡಿ. ಇಬ್ರೂ ಬಂದು ನೋಡಿ."

ಇಂಥ ಕೇಸಿಗೆ ಬೇರೆ ವ್ಯವಸ್ಥೆ ಬೇಕಾಗುತ್ತೆ, ಮೇಲಿನವರಿಗೆ ಬರೆಯಬೇಕಾಗುತ್ತೆ ಅಂತ ದೊಡ್ಡ ಡಾಕ್ಟರ್ ಶುರುಮಾಡಿದರು. ಅಷ್ಟರಲ್ಲಿ ಎಡ ವಾರ್ಡಿನ ಬಾಗಿಲಿನಿಂದ ಕಪ್ಪು ನೀರು ಮೆಟ್ಟಿಲಿಳಿದು ಬಂತು. ಅವರ ಬೂಟಿನ ತುದಿ ಮುಟ್ಟಿತು. ಮಾತು ಅಲ್ಲಿಗೇ ನಿಂತಿತು.

ಆಗ ಡಾಕ್ಟರಮ್ಮ ನನ್ನ ತಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವನ ಮಣಿಕಟ್ಟು ಹಿಡಿದಳು. ಕೊನೆಗೆ ಕುಡಿದದ್ದು ಯಾವಾಗ ಅಂತ ಕೇಳಿದಳು. ನಿನ್ನೆ ಮಧ್ಯಾಹ್ನ ಅಂದ. ಅವಳು ಕನ್ನಡಕದ ಡಾಕ್ಟರ್ ಕಡೆ ತಿರುಗಿ, ಇನ್ನು ಸ್ವಲ್ಪ ಹೊತ್ತಿಗೆ ಮತ್ತೆ ಫಿಟ್ಸು ಬರುತ್ತೆ, ನಿಮ್ಮ ವಾರ್ಡಿನಲ್ಲಿ ಹಾಸಿಗೆ ಇದ್ದರೆ ಕೊಡಿ, ಕುಡಿತದ ಔಷಧ ನಾನು ಬಂದು ಕೊಡ್ತೀನಿ ಅಂದಳು. ಅವನು ದೊಡ್ಡ ಡಾಕ್ಟರ್ ಮುಖ ನೋಡಿದ. ಆಮೇಲೆ ಬೂಟಿನ ಹತ್ತಿರದ ನೀರು ನೋಡಿದ. ಆಯ್ತು, ನೀವು ದಿನಾ ಬರೋದಾದ್ರೆ ಆಯ್ತು ಅಂದ.

ಅಷ್ಟೇ. ಅಷ್ಟೇ ಇದ್ದದ್ದು. ಒಬ್ಬಳು ಅಂಗಳ ದಾಟಿ ಬರ್ತೀನಿ ಅಂದಳು, ಇನ್ನೊಬ್ಬ ಬನ್ನಿ ಅಂದ. ಇದಕ್ಕಾಗಿ ನನ್ನ ತಮ್ಮನ ತೋಳಿನ ಚರ್ಮ ಹೋಯಿತು, ನಾಲಿಗೆ ತುಂಡಾಗುವುದೊಂದು ಬಾಕಿ ಉಳಿದಿತ್ತು. ನನಗೆ ಸಂತೋಷ ಆಗಲಿಲ್ಲ. ಸಿಟ್ಟು ಇನ್ನೂ ಹೆಚ್ಚಾಯಿತು.

"ಇನ್ನು ಏಳಮ್ಮ. ಇವ್ನು ಇಳಿದು ಕೆಲಸ ಮುಗಿಸ್ಲಿ, ಆಮೇಲೆ ಸೇರಿಸ್ಕೋತಾರೆ," ಅಂದ ಮೇಸ್ತ್ರಿ.

ಸೋಪಜ್ಜಿ ಬಾಯಿ ಬಿಟ್ಟಳು. ಅವಳ ಬಾಯಿಂದ ಬಂದ ಮಾತನ್ನು ನಾನು ಇಲ್ಲಿ ಬರೆಯಲಾರೆ. ಮೇಸ್ತ್ರಿಯ ಮೂರು ತಲೆಮಾರಿನವರು ಗುಂಡಿಗೆ ಇಳಿದು ಬಂದರು ಅಂತಿಟ್ಟುಕೊಳ್ಳಿ. ನಾನು ಹೇಳಿದೆ, ಇವನು ಇಳಿಯುವುದಿಲ್ಲ, ಬೇರೆ ಯಾರೂ ಇಳಿಯುವುದಿಲ್ಲ, ಮನುಷ್ಯ ಇಳಿಯುವುದಾದರೆ ನಾನು ಏಳುವುದಿಲ್ಲ. ದೊಡ್ಡ ಡಾಕ್ಟರ್ ತಲೆ ಚಚ್ಚಿಕೊಂಡರು. ಫೋನು ತೆಗೆದು ಯಾರಿಗೋ ಮಾಡಿದರು. ಗದರಿದರು. ಇಟ್ಟರು.

ಡಾಕ್ಟರಮ್ಮ ತಮ್ಮನಿಗೆ ಅಲ್ಲೇ ಒಂದು ಮಾತ್ರೆ ನುಂಗಿಸಿದಳು. ಬಿರಡೆ ತೆಗೆಯದ ಬಾಟಲಿ ಅವನ ಕಾಲಬುಡದಲ್ಲಿತ್ತು. ಅವನು ಅದನ್ನೇ ನೋಡುತ್ತಿದ್ದ. ನಾನು ಎತ್ತಿಕೊಂಡು ಮೇಸ್ತ್ರಿಯ ಕೈಗೆ ಕೊಟ್ಟೆ. ನಿನ್ನ ಸಾಮಾನು ನೀನೇ ಇಟ್ಕೋ ಅಂದೆ.

ಒಂದು ರಾಶಿ ಚಾದರ ಹಿಂಡಿ ಹರವುವಷ್ಟು ಹೊತ್ತಿನಲ್ಲಿ ಲಾರಿ ಬಂತು. ಬೆನ್ನ ಮೇಲೆ ದೊಡ್ಡ ಟ್ಯಾಂಕು, ಪಕ್ಕದಲ್ಲಿ ಸುರುಳಿ ಸುತ್ತಿದ ದಪ್ಪ ಪೈಪು. ನಾನು ಎದ್ದೆ. ಹಿಂದೆ ಸರಿದು ನಿಂತೆ. ಡ್ರೈವರ್ ಮುಚ್ಚಳ ಎತ್ತಿ ಪೈಪು ಇಳಿಬಿಟ್ಟ. ಒಂದು ಬಟನ್ ಒತ್ತಿದ. ಲಾರಿ ಗುರ್ರೆಂದಿತು. ಪೈಪು ಒಮ್ಮೆ ಅದುರಿತು. ಮೆಟ್ಟಿಲ ಮೇಲಿನ ಕಪ್ಪು ನೀರು ಹಿಂದಕ್ಕೆ ಹೋಗತೊಡಗಿತು. ಡ್ರೈವರ್ ಇನ್ನೊಂದು ಕೈಯಲ್ಲಿ ಟೀ ಕುಡಿಯುತ್ತಿದ್ದ. ಅವನ ಅಂಗಿಗೆ ಒಂದು ಹನಿ ಕಲೆಯೂ ಆಗಲಿಲ್ಲ.

ನನ್ನ ತಮ್ಮ ಬಲ ವಾರ್ಡಿನ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನೋಡಿದ. ಒಳಗೆ ಹಾಸಿಗೆ ಹಾಸಿದ್ದರು, ಬಾ ಅಂತ ಕರೆಯುತ್ತಿದ್ದರು. ಅವನು ಹೋಗಲಿಲ್ಲ. ಕೆಳಗಿಳಿದು ಮೇಸ್ತ್ರಿಯ ಹತ್ತಿರ ಬಂದ.

"ಇದು ಮೊದ್ಲೇ ಇತ್ತಾ?"

ಮೇಸ್ತ್ರಿ ಅತ್ತ ನೋಡಿದ, ಇತ್ತ ನೋಡಿದ. "ಸಣ್ಣಪುಟ್ಟ ಕೆಲ್ಸಕ್ಕೆಲ್ಲ ಇದನ್ನ ಕರೆಸೋಕಾಗುತ್ತಾ," ಅಂದ.

ತಮ್ಮ ಬಗ್ಗಿ ಹಾರೆ ಎತ್ತಿಕೊಂಡ. ಎಲ್ಲರೂ ಹಿಂದೆ ಸರಿದರು. ವಾಚ್‌ಮನ್ ಕೋಲು ಎತ್ತಿದ. ಆದರೆ ಅವನು ಯಾರಿಗೂ ಹೊಡೆಯಲಿಲ್ಲ. ಮೇಸ್ತ್ರಿಯ ಬೂಟಿನ ಮುಂದೆ, ಕಲ್ಲು ಹಾಸಿದ ನೆಲಕ್ಕೆ, ಎರಡು ಸಲ ಕುಟ್ಟಿದ. ಕಾದ. ತಮ್ಮ ಮತ್ತೆ ಎರಡು ಸಲ ಕುಟ್ಟಿದ. ತಲೆ ವಾಲಿಸಿ ಕಿವಿಗೊಟ್ಟ.

"ಕುಳ್ಳ ಸತ್ಮೇಲೂ ಉತ್ತರ ಕೊಡ್ತಾನೆ," ಅಂದ ತಮ್ಮ. "ನೀನ್ ಬದ್ಕಿದೀಯಲ್ಲ. ಕೊಡು."

ಮೇಸ್ತ್ರಿ ಕೊಡಲಿಲ್ಲ. ದೊಡ್ಡ ಡಾಕ್ಟರ್ ಗಡಿಯಾರ ನೋಡಿಕೊಂಡರು. ತಮ್ಮ ಹಾರೆಯನ್ನು ನೆಲಕ್ಕೆ ಹಾಕಿ, ಮೆಟ್ಟಿಲು ಹತ್ತಿ ಒಳಗೆ ಹೋದ.

ಅವನಿಗೆ ಸದ್ದು ಇನ್ನೂ ನಿಂತಿಲ್ಲ. ಕೈ ಇನ್ನೂ ನಡುಗುತ್ತದೆ. ಡಾಕ್ಟರಮ್ಮನ ಚಪ್ಪಲಿ ಬೆಳಗ್ಗೆ ನಮ್ಮ ಕಿಟಕಿಯ ಮುಂದೆ ಎಡದಿಂದ ಬಲಕ್ಕೆ ಹೋಗುತ್ತದೆ. ಅದು ಕಾಣುವವರೆಗೆ ನನಗೆ ಸಮಾಧಾನ ಇಲ್ಲ. ಯಾವತ್ತು ಬರುವುದು ನಿಲ್ಲಿಸುತ್ತಾಳೋ ಅಂತ ದಿನಾ ಅದೇ ದಿಗಿಲು.

ಈ ಸಲ ಸೇರಿದ ಮೇಲೆ ಅವನ ಚಾದರ ಮೊದಲು ಕೆಳಗೆ ಬಂದದ್ದು ಮಾರನೇ ದಿನ. ಬೆವರಿನಲ್ಲಿ ತೊಯ್ದಿತ್ತು. ನೀಲಿ ಮುದ್ರೆ. ನಾನು ಅದನ್ನು ನೀಲಿ ರಾಶಿಯ ಮೇಲೆ ಹಾಕಿದೆ. ಆಮೇಲೆ ನೀಲಿ ರಾಶಿಯನ್ನೂ ಹಸಿರು ರಾಶಿಯನ್ನೂ ಒಟ್ಟಿಗೆ ಬಾಚಿ ತಬ್ಬಿಕೊಂಡು ಒಂದೇ ತೊಟ್ಟಿಗೆ ತಳ್ಳಿದೆ. ಸೋಪಜ್ಜಿ ಕೋಲು ಹಾಕಿ ತಿರುವಿದಳು. ಮೇಲ್ವಿಚಾರಕ ಓಡಿ ಬಂದು, ತಲೆ ನೆಟ್ಟಗಿದೆಯಾ ನಿಂಗೆ, ತೆಗೆದು ಬೇರೆ ಮಾಡು ಅಂದ.

"ಬೇರೆ ಮಾಡಲ್ಲ," ಅಂದೆ.